ಇಪ್ಪತ್ತೇಳು ಡೆಡ್

ಹೊಸನಗರದ ಪಾತ್ರೆ ಅಂಗಡಿ ಹೂವಪ್ಪ ಮನೆಗೆ ಫೋನು ಹಾಕಿಸಿದ್ದು ಮಾತಾಡಲಿಕ್ಕೆ ಅಂತ ಅಲ್ಲ. ಮಾತಿನಲ್ಲಿ ಅವನು ಮೊದಲಿನಿಂದಲೂ ಬಡವ. ತೀರ್ಥಹಳ್ಳಿಯಲ್ಲಿದ್ದ ಹೆಂಡತಿಯ ಅಣ್ಣ ವಾಸಪ್ಪನ ಮನೆಯಲ್ಲಿ ಫೋನಿತ್ತು, ತನ್ನ ಮನೆಯಲ್ಲಿರಲಿಲ್ಲ. ಕಾರಣ ಅಷ್ಟೇ.

ಹೋದಾಗಲೆಲ್ಲ ವಾಸಪ್ಪ ಊಟದ ನಡುವೆ ಎದ್ದು, ಎಡಗೈಯಲ್ಲಿ ರಿಸೀವರ್ ಎತ್ತಿ, ತುಂಗೆಯ ಆಚೆ ದಡಕ್ಕೆ ಕೇಳುವಂತೆ "ಹಲೋ" ಎಂದು ಕೂಗಿ ಬರುತ್ತಿದ್ದ. ಬಂದು ಕೂತು, "ಎಂಥ ಮಾಡೋದು ಭಾವ, ಒಂದು ತುತ್ತು ನೆಮ್ಮದಿಯಾಗಿ ಉಣ್ಣಕ್ಕೆ ಬಿಡಲ್ಲ ಇದು" ಎಂದು ಸಂಕಟಪಡುತ್ತಿದ್ದ. ಆ ಸಂಕಟ ನೋಡಿ ನೋಡಿ ಹೂವಪ್ಪನಿಗೆ ಬಾಯಲ್ಲಿ ನೀರೂರಿತು. ಅಂಥದೊಂದು ತನಗೂ ಬೇಕು ಅನ್ನಿಸಿಬಿಟ್ಟಿತು.

ಅರ್ಜಿ ಹಾಕಿ, ಅರ್ಜಿಯನ್ನು ಮರೆತು, ತಲೆಯ ಮುಂದಿನ ಕೂದಲೆಲ್ಲ ಉದುರಿದ ಮೇಲೆ, ಎಂಬತ್ತನೇ ಇಸವಿಯಲ್ಲಿ ಫೋನು ಬಂತು. ಕರಿ ಕಲ್ಲಿನಂತೆ ತೂಕವಾಗಿ ಕೂತ ಅದಕ್ಕೊಂದು ಹಿಡಿ. ಹಿಡಿ ತಿರುವಿದರೆ ಎಕ್ಸ್‌ಚೇಂಜಿನಲ್ಲಿ ಗಂಟೆ ಆಗಬೇಕು, ಅಲ್ಲಿ ಕೂತವರು "ನಂಬರ್?" ಎಂದು ಕೇಳಿ ತಂತಿಗೆ ತಂತಿ ಜೋಡಿಸಬೇಕು. ಹೂವಪ್ಪನ ನಂಬರು ಇಪ್ಪತ್ತೇಳು. ಹೆಂಡತಿ ಜಲಜಮ್ಮ ಅದಕ್ಕೆ ಕಸೂತಿ ಹಾಕಿದ ಒಂದು ಮುಸುಕು ಹೊಲಿದಳು. ಮೊದಲ ದಿನವೇ ಹೂವಪ್ಪ ತೀರ್ಥಹಳ್ಳಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಕಾದು ಕೂತ. ಸಂಜೆಯ ಹೊತ್ತಿಗೆ ಲೈನು ಸಿಕ್ಕಿತು.

"ಭಾವಾ, ಕೇಳ್ತದಾ?" ಎಂದು ಹೂವಪ್ಪ ಕೂಗಿದ.

"ಕೇಳ್ತದೆ. ಎಂಥ ಸಮಾಚಾರ?"

ಹೂವಪ್ಪ ಬಹಳ ಯೋಚನೆ ಮಾಡಿದ. "ಸಮಾಚಾರ ಏನಿಲ್ಲ. ಕೇಳ್ತದಲ್ಲ, ಸಾಕು. ಇಡ್ತೀನಿ" ಅಂದ.

ಅವನ ಸ್ವಂತದ ಫೋನಿನ ಕಥೆ ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಕೇರಿಯವರದು. ಆ ಕೇರಿಗೆಲ್ಲ ಇದ್ದದ್ದು ಅದೊಂದೇ ಫೋನು. ತಿಂಗಳು ತುಂಬುವುದರೊಳಗೆ ಕೇರಿಯ ಮದುವೆ ಕಾಗದ, ಅಂಗಡಿ ಬೋರ್ಡು, ಕಡೆಗೆ ಹಜಾಮತಿ ಅಂಗಡಿಯ ಕನ್ನಡಿಯ ಮೇಲೂ "ಫೋನ್: ೨೭, ಪಿ.ಪಿ." ಎಂದು ಬಿತ್ತು. ಅಂದರೆ ಫೋನು ಬೇರೆಯವರ ಮನೆಯದು, ಕರೆದು ಕೊಡುತ್ತಾರೆ ಅಂತ ಅರ್ಥ.

"ಪಿ.ಪಿ. ಅಂದ್ರೆ ಎಂಥದ್ರೀ?" ಎಂದು ಜಲಜಮ್ಮ ಕೇಳಿದ್ದಕ್ಕೆ ಹೂವಪ್ಪ ಆಗಲೇ ಉಸಿರುಕಟ್ಟಿ ಓಡುತ್ತಿದ್ದವನು, "ಪಕ್ಕದಮನೆ ಪೀಡೆ" ಎಂದು ಹೇಳಿ ಓಡಿದ.

ಹೀಗೆ ಓಡಿ ಓಡಿ ಅವನ ಹೆಸರೇ ಸವೆದುಹೋಯಿತು. ಜನ ಅವನನ್ನು ಇಪ್ಪತ್ತೇಳು ಅಂತಲೇ ಕರೆಯತೊಡಗಿದರು. "ಇಪ್ಪತ್ತೇಳು ಅಂಗಡಿ ತೆಗ್ದಾರಾ?" "ಇಪ್ಪತ್ತೇಳಿಗೆ ನೆಗಡಿಯಂತೆ."

ಹುಟ್ಟಿದ ಸುದ್ದಿ, ಕೂಡಿಬಂದ ಸಂಬಂಧ, ಪಾಸಾದ ಮಕ್ಕಳು, ಇವನ್ನು ಬಾಗಿಲಲ್ಲೇ ನಿಂತು ಕೂಗಿ ಹೇಳಬಹುದು. ಸಾವಿನ ಸುದ್ದಿ ಹಾಗಲ್ಲ. ಅದಕ್ಕೆ ಹೂವಪ್ಪ ತನ್ನದೇ ಒಂದು ಕ್ರಮ ಮಾಡಿಕೊಂಡಿದ್ದ. ಹೋಗಿ ಜಗಲಿಯ ಮೇಲೆ ಕೂರುವುದು. ಕುಡಿಯಲಿಕ್ಕೆ ನೀರು ಕೇಳುವುದು. ಅರ್ಧ ಚೆಂಬು ಕುಡಿದು, ಬಾಯಿ ಒರೆಸಿಕೊಂಡು, "ದನಕರ ಎಲ್ಲ ಹುಷಾರಾ?" ಅನ್ನುವುದು. ಆಮೇಲೆ ಸುಮ್ಮನೆ ಕೂರುವುದು. ಮನೆಯವರೇ ಮೆಲ್ಲಗೆ "ಯಾರು?" ಎಂದು ಕೇಳುವವರೆಗೆ ಕೂರುವುದು. ಕೇಳಿದ ಮೇಲೆ ಹೆಸರು ಹೇಳಿ, ಅವರು ಅತ್ತು ಸಮಾಧಾನ ಮಾಡಿಕೊಳ್ಳುವ ತನಕ ತಾನೂ ಅಲ್ಲೇ ಇದ್ದು ಬರುವುದು. ಇದರಿಂದ ಒಂದು ತೊಂದರೆಯಾಯಿತು. ಬಿರುಬೇಸಗೆಯಲ್ಲಿ ಗಂಟಲು ಒಣಗಿ ಸತ್ತರೂ ಅವನು ಆ ಕೇರಿಯಲ್ಲಿ ಯಾರ ಮನೆಯಲ್ಲೂ ನೀರು ಕೇಳುವ ಹಾಗಿರಲಿಲ್ಲ.

ಇದನ್ನೆಲ್ಲ ಎರಡು ಮಳೆಗಾಲ ತಡೆದುಕೊಂಡ. ತಡೆಯಲಾರದೆ ಹೋದದ್ದು ಒಂದೇ ಮಧ್ಯಾಹ್ನ ಒಟ್ಟೊಟ್ಟಿಗೆ ಬಂದ ಎರಡು ಕರೆಗಳ ದೆಸೆಯಿಂದ. ಒಂದು ದರ್ಜಿ ಕನ್ನಪ್ಪನಿಗೆ: ಮಗಳಿಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆ, ಗಂಡು, ಇಬ್ಬರೂ ಆರೋಗ್ಯ. ಇನ್ನೊಂದು ಹುಲಿಯಪ್ಪನಿಗೆ: ಎಮ್ಮೆ ಒದೆಯುತ್ತದೆ, ಕೊಂಡವರು ಬೇಡ ಅನ್ನುತ್ತಿದ್ದಾರೆ, ಬಂದು ಹೊಡೆದುಕೊಂಡು ಹೋಗಿ. ಅವನು ಊಟಕ್ಕೆ ಮನೆಗೆ ಬಂದಿದ್ದ ಹೊತ್ತು; ಅಂಗಡಿಯಲ್ಲಿ ಕಾಯುವ ಗಿರಾಕಿ, ಹೊರಗೆ ಮಳೆ, ಕೊಡೆ ಸಿಗಲಿಲ್ಲ. ಓಡುವ ಗಡಿಬಿಡಿಯಲ್ಲಿ ಹೂವಪ್ಪ ಅದನ್ನಿವನಿಗೆ ಇದನ್ನವನಿಗೆ ಹೇಳಿಬಿಟ್ಟ. ತನ್ನ ಮಗಳು ಒದೆಯುತ್ತಾಳೆ, ಹೊಡೆದುಕೊಂಡು ಹೋಗಬೇಕಂತೆ ಎಂದು ಕೇಳಿ ಕನ್ನಪ್ಪ ಬೀಗರ ಮೇಲೆ ಕತ್ತರಿ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟ. ಅತ್ತ ಹುಲಿಯಪ್ಪ ಅರವತ್ತು ದಾಟಿದ ಬ್ರಹ್ಮಚಾರಿ. ನಾಲ್ಕು ಜನ ಇಸ್ಪೀಟಿಗೆ ಕೂತಿದ್ದ ಜಗಲಿಯ ಮುಂದೆ ನಿಂತು ಹೂವಪ್ಪ, "ಗಂಡು ಮಗು! ಬಾಣಂತಿ ಆರೋಗ್ಯ!" ಎಂದು ಕೂಗಿದ. ಆವತ್ತಿನಿಂದ ಹುಲಿಯಪ್ಪ ಅವನ ಸಂಗಡ ಮಾತು ಬಿಟ್ಟಿದ್ದ.

ಫೋನು ಬಂದ್ ಮಾಡಿಸುವುದು ಅಂತ ಹೂವಪ್ಪ ನಿಶ್ಚಯ ಮಾಡಿದ. ಹೆಂಡತಿಗೆ ಹೇಳಲಿಲ್ಲ. ಅವಳಿಗೂ ಇದರಿಂದ ಕಾಟವೇ ತಾನೆ? ಬಂದವರಿಗೆಲ್ಲ ಕಾಫಿ ಕಾಸಿ ಕಾಸಿ ಸೋತಿದ್ದಾಳೆ. ಮುಗಿಸಿ ಬಂದೇ ಹೇಳಿ ಖುಷಿಪಡಿಸೋಣ ಅಂದುಕೊಂಡು, "ಸಾಗರಕ್ಕೆ ಪಾತ್ರೆ ನೋಡಕ್ಕೆ ಹೋಗ್ತೀನಿ" ಎಂದು ಬೆಳಗಿನ ಬಸ್ಸು ಹತ್ತಿದ.

ಸಾಗರದ ಟೆಲಿಫೋನ್ ಕಚೇರಿಯಲ್ಲಿ ಸಾಹೇಬರಾಗಿದ್ದವರು ವಿಘ್ನೇಶ್ವರ ಹೆಗಡೆಯವರು. ಹೊರಗಿನ ಬೆಂಚುಗಳ ತುಂಬ ಫೋನು ಬೇಕು ಎನ್ನುವವರು ಕೂತಿದ್ದರು. ಹೂವಪ್ಪ ತನ್ನ ಸರದಿ ಬಂದಾಗ ಕೈಮುಗಿದು, "ಸ್ವಾಮಿ, ನಂಗೆ ಫೋನು ಬೇಡ" ಅಂದ.

"ಬೇಡದೋರು ಸಾಲಲ್ಲಿ ಯಾಕೆ ನಿಂತ್ರಿ? ಬೇಕಾದೋರಿಗೆ ಜಾಗ ಬಿಡಿ."

"ಹಂಗಲ್ಲ. ಇದೆ. ಬೇಡ."

ಹೆಗಡೆಯವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಒಳಗಿದ್ದ ಗುಮಾಸ್ತರನ್ನು ಕೂಗಿದರು. "ಏ, ಇಲ್ಲಿ ಬಾ ಮಾರಾಯ. ಇವ್ರಿಗೆ ಫೋನು ಬ್ಯಾಡ್ದಡ!" ಕಚೇರಿಯ ಜನವೆಲ್ಲ ಬಂದು ನೋಡಿತು. ಬೆಂಚಿನಿಂದ ಒಬ್ಬರು ಮುದುಕರು ಎದ್ದು ಬಂದು ಹೂವಪ್ಪನ ಕೈ ಹಿಡಿದು, "ಇರೋದನ್ನ ಬಿಡೋ ಮನಸ್ಸು ಎಲ್ಲರಿಗೂ ಬರಲ್ಲಪ್ಪ. ಪುಣ್ಯಾತ್ಮ" ಅಂದರು. ಹೂವಪ್ಪನಿಗೆ ತಾನು ಕಾಶಿಗೆ ಹೊರಟವನ ಹಾಗೆ ಅನ್ನಿಸಿತು.

ಹೆಗಡೆಯವರು ಒಳ್ಳೆಯ ಮನುಷ್ಯ. ಕಾಫಿ ತರಿಸಿ, ಎಮ್ಮೆಯ ಕಥೆ ಬಾಣಂತಿಯ ಕಥೆ ಎಲ್ಲ ಕೇಳಿ, ನಗು ತಡೆಯಲು ಕೆಮ್ಮಿದರು. "ನೋಡಿ, ಪೂರ್ತಿ ತೆಗೆಸಿಬಿಟ್ರೆ ಮತ್ತೆ ಈ ಜನ್ಮದಲ್ಲಿ ಸಿಗಲ್ಲ. ಸದ್ಯಕ್ಕೆ ಲೈನು ಡೆಡ್ ಮಾಡಿಸ್ತೇನೆ. ಸ್ವಲ್ಪ ದಿನ ನೋಡಿ. ಆಮೇಲೂ ಬೇಡ ಅಂದ್ರೆ ನಮ್ಮೋರು ಬಂದು ಫೋನು ತಗೊಂಡು ಹೋಗ್ತಾರೆ." ಹೀಗೆ ಹೇಳಿ ಇಲಾಖೆಯ ಲೈನಿನಲ್ಲಿ ಹೊಸನಗರದ ಎಕ್ಸ್‌ಚೇಂಜಿಗೆ ಅವನ ಗೋಳನ್ನೆಲ್ಲ ತಿಳಿಸಿ, ಕಡೆಗೆ ಎರಡೇ ಮಾತಿನಲ್ಲಿ ಮುಗಿಸಿದರು. "ಇಪ್ಪತ್ತೇಳು ಡೆಡ್."

ಹೂವಪ್ಪ ಹಗುರಾಗಿ ಪೇಟೆ ತಿರುಗಿದ. ಹೋಟೆಲಿನಲ್ಲಿ ಯಾರೂ ಎಬ್ಬಿಸದೆ ಊಟ ಮಾಡಿದ. ಎರಡು ಸಲ ಮಜ್ಜಿಗೆ ಹಾಕಿಸಿಕೊಂಡ. ಹೆಂಡತಿಗೆ ಗಾಜಿನ ಬಳೆ ಕೊಂಡ. ಮಧ್ಯಾಹ್ನದ ಬಸ್ಸು ಬಟ್ಟೆಮಲ್ಲಪ್ಪದ ಹತ್ತಿರ ಚಕ್ರದ ಗಾಳಿ ಹೋಗಿ ನಿಂತಾಗಲೂ ಅವನಿಗೆ ಬೇಸರವಾಗಲಿಲ್ಲ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ನಿದ್ದೆ ಹೊಡೆದ.

ಅವನು ಅಲ್ಲಿ ನಿದ್ದೆ ಹೊಡೆಯುತ್ತಿದ್ದಾಗ ಹೊಸನಗರದಲ್ಲಿ ನಡೆದದ್ದನ್ನು ಮುಂದೆ ಹತ್ತು ಜನ ಹತ್ತು ಬಗೆಯಲ್ಲಿ ಅವನಿಗೆ ಹೇಳಿದರು. ಎಲ್ಲ ಸೇರಿಸಿ ನೋಡಿದರೆ ಆದದ್ದು ಹೀಗೆ.

ಲೈನ್‌ಮನ್ ಜಟ್ಟಿಂಗಪ್ಪ ಮುಕುಂದಯ್ಯನ ಹೋಟೆಲಿನಲ್ಲಿ ಚಾ ಕುಡಿಯುತ್ತ, "ಇಪ್ಪತ್ತೇಳು ಡೆಡ್ ಆಯ್ತು ಮಾರ್ರೆ. ಈಗಷ್ಟೇ ಸಾಗರದಿಂದ ಬಂತು" ಅಂದ. ಅಂದವನು ಊರಾಚೆ ಎಲ್ಲೋ ತಂತಿಯ ಮೇಲೆ ಮರ ಬಿದ್ದಿದೆ ಎಂದು ಸೈಕಲ್ ಹತ್ತಿ ಹೋಗಿಬಿಟ್ಟ. ಮುಕುಂದಯ್ಯನ ಕೈಯ ಲೋಟ ಜಾರಿತು. ಹೂವಪ್ಪ ಬೆಳಿಗ್ಗೆ ಸಾಗರದ ಬಸ್ಸು ಹತ್ತಿದ್ದನ್ನು ಕಂಡವರು ಅಲ್ಲೇ ನಾಲ್ಕು ಜನ ಇದ್ದರು. ವಿಚಾರಿಸೋಣ ಅಂದರೆ ಕೇರಿಗಿದ್ದ ಫೋನು ಹೂವಪ್ಪನ ಮನೆಯದೊಂದೇ. ಅಲ್ಲಿಗೆ ಹೋಗಿ ಅವನ ಸಾವನ್ನು ವಿಚಾರಿಸುವುದು ಹೇಗೆ? ಕನ್ನಪ್ಪ ಎಕ್ಸ್‌ಚೇಂಜಿಗೇ ಓಡಿದ.

ಅಲ್ಲಿ ಆಪರೇಟರ್ ಶರಾವತಿ ತಲೆಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಸೊರಬದ ಕಡೆಯ ಹುಡುಗಿ, ಬಂದು ವರ್ಷವಾಗಿತ್ತು.

"ಇಪ್ಪತ್ತೇಳು... ನಿಜವಾ ಅಮ್ಮ?"

"ಹೌದು. ಡೆಡ್ ಅಂತ ಸಾಹೇಬ್ರೇ ಹೇಳಿದ್ರು" ಅಂದಳು ಶರಾವತಿ. ಹೇಳುವಾಗ ಅವಳ ಕಣ್ಣು ತುಂಬಿತ್ತು. ಅದನ್ನು ಕಂಡ ಕನ್ನಪ್ಪನಿಗೆ ಉಳಿದಿದ್ದ ಅನುಮಾನವೂ ಹೋಯಿತು.

"ಏನಾಗಿತ್ತಂತೆ?"

"ಸುಸ್ತಾಗಿ ಹೋಗಿದ್ರಂತೆ ಪಾಪ. ಕೇರಿಯೋರ ಕಾಟ. ಓಡಿ ಓಡಿ ಸಾಕಾಗಿತ್ತಂತೆ."

"ಹಂಗಾದ್ರೆ... ಬಾಡಿ?"

ಫೋನಿನ ಡಬ್ಬಿಯನ್ನು ಕೇಳುತ್ತಿದ್ದಾನೆ ಅಂದುಕೊಂಡ ಶರಾವತಿ, "ಅದು ಸರ್ಕಾರದ್ದಲ್ವಾ? ಇಲಾಖೆಯೋರೇ ತಗೊಂಡು ಹೋಗ್ತಾರೆ. ನೀವ್ಯಾರೂ ಮುಟ್ಟಕ್ಕೆ ಹೋಗ್ಬೇಡಿ" ಅಂದಳು.

ಕನ್ನಪ್ಪ ಹೋಟೆಲಿಗೆ ಬಂದು ಕುಕ್ಕರಿಸಿದ. "ನಾವೇ ಓಡಿಸಿ ಓಡಿಸಿ ಕೊಂದ್ವಲ್ಲೋ" ಅಂದ. ಅಲ್ಲಿದ್ದವರೆಲ್ಲ ತಮ್ಮ ತಮ್ಮ ತಪ್ಪು ಎಣಿಸತೊಡಗಿದರು. ಒಬ್ಬರು ಜ್ವರದಲ್ಲಿದ್ದವನನ್ನು ಎಬ್ಬಿಸಿ ಕಳಿಸಿದ್ದರು. ಇನ್ನೊಬ್ಬರು ಅಡಿಕೆ ದರ ಕೇಳಲಿಕ್ಕೆಂದು ಅವನ ಮನೆಯ ಹಬ್ಬದೂಟ ಕೆಡಿಸಿದ್ದರು. ಮುಕುಂದಯ್ಯ ತೀರ್ಥಹಳ್ಳಿಗೆ ಹೊರಟಿದ್ದ ಬಸ್ಸಿನ ಡ್ರೈವರ್ ಬಳಿ ವಾಸಪ್ಪನಿಗೆ ಸುದ್ದಿ ಹೇಳಿ ಕಳಿಸಿದ. ಟ್ರಂಕ್ ಕಾಲ್ ಆದರೆ ನಾಳೆ ಮುಟ್ಟುತ್ತದೆ, ಬಸ್ಸಾದರೆ ಇವತ್ತೇ.

ಉಳಿದದ್ದು ಜಲಜಮ್ಮನಿಗೆ ಹೇಳುವ ಕೆಲಸ. ಕೇರಿಯಲ್ಲಿ ಸಾವಿನ ಸುದ್ದಿ ಹೇಳುವವನು ಹೂವಪ್ಪ. ಹೂವಪ್ಪನೇ ಹೋದರೆ ಹೇಳುವವರು ಯಾರು?

ಮೊದಲು ಕನ್ನಪ್ಪ ಹೋದ. ಹೂವಪ್ಪನ ಕ್ರಮ ಅವನಿಗೆ ಗೊತ್ತಿತ್ತು. ಜಗಲಿಯ ಮೇಲೆ ಕೂತು ನೀರು ಕೇಳಿದ. ಜಲಜಮ್ಮ ಬೆಲ್ಲದ ಚೂರು ಇಟ್ಟು ನೀರು ಕೊಟ್ಟಳು. ಕುಡಿದ. ಅವಳ ಮುಖ ನೋಡಿದ. "ಬ್ಲೌಸು ನಾಳೆ ಕೊಡ್ತೀನಕ್ಕ" ಎಂದು ಎದ್ದು ಬಂದ. ಎರಡನೆಯದಾಗಿ ಮುಕುಂದಯ್ಯ ಹೋದ. ಅವನೂ ನೀರು ಕುಡಿದ. "ದನಕರ ಎಲ್ಲ ಹುಷಾರಾ?" ಎಂದು ಕೇಳಿದ. ಆ ಮನೆಯಲ್ಲಿ ದನವೂ ಇರಲಿಲ್ಲ, ಕರುವೂ ಇರಲಿಲ್ಲ. ಮೂರನೆಯವರು ಎರಡು ಚೆಂಬು ಕುಡಿದು, ಮಾತೇ ಆಡದೆ ಬಿಕ್ಕಳಿಸುತ್ತ ಹೋದರು.

ಜಲಜಮ್ಮ ಒಂದಕ್ಕೊಂದು ಜೋಡಿಸಿ ನೋಡಿದಳು. ನೀರು, ದನಕರ, ಮೌನ. ಇದು ತನ್ನ ಗಂಡನದೇ ಕ್ರಮ. ತನ್ನ ಕಡೆಯವರೇ ಯಾರೋ ಹೋಗಿದ್ದಾರೆ. ಕಣ್ಣಿಗೆ ಬಂದದ್ದು ತೀರ್ಥಹಳ್ಳಿಯ ಅಣ್ಣ. ಹೋದ ವಾರವೇ ಎದೆ ಉರಿ ಅಂದಿದ್ದ. "ಅಯ್ಯೋ ಅಣ್ಣಯ್ಯಾ!" ಎಂದು ಜಲಜಮ್ಮ ಜಗಲಿಯಲ್ಲೇ ಕುಸಿದು ಕೂತಳು.

ಅಳು ಕೇಳಿ ಕೇರಿಯ ಹೆಂಗಸರು ಬಂದರು. ಹೇಗೋ ಗೊತ್ತಾಯಿತಲ್ಲ ಎಂದು ಎಲ್ಲರಿಗೂ ಒಂದು ಭಾರ ಇಳಿದಂತಾಯಿತು. ಅವಳು ಅಣ್ಣಯ್ಯ ಅಂತ ಯಾಕೆ ಅಳುತ್ತಾಳೆ ಎಂದು ಯಾರೂ ಕೇಳಲಿಲ್ಲ. ಗಂಡ ಹೋದಾಗ ತವರಿನವರನ್ನು ಕರೆದು ಅಳುವುದು ಇದ್ದದ್ದೇ. ಕಡೆಗೆ ಹುಲಿಯಪ್ಪ ಬಂದ. ಮಾತು ಬಿಟ್ಟಿದ್ದ ಮುದುಕ ಕಂಬ ಹಿಡಿದು ನಿಂತು, "ಒಂದು ಮಾತಾಡಿದ್ರೆ ನನ್ನ ಗಂಟೇನು ಹೋಗ್ತಿತ್ತು? ಹಾಳು ಎಮ್ಮೆ" ಎಂದು ಮಗುವಿನ ಹಾಗೆ ಅತ್ತುಬಿಟ್ಟ.

ಜಲಜಮ್ಮ ತನ್ನ ಕಣ್ಣೊರೆಸಿಕೊಂಡು ಅವನನ್ನೇ ಸಮಾಧಾನ ಮಾಡಬೇಕಾಯಿತು. "ನಮ್ಮಣ್ಣ ನಿಮಗೆ ಅಷ್ಟು ಹತ್ತಿರ ಅಂತ ನಂಗೆ ಗೊತ್ತೇ ಇರಲಿಲ್ಲ ಹುಲಿಯಪ್ಪಣ್ಣ."

ಹುಲಿಯಪ್ಪ ಅಳು ನಿಲ್ಲಿಸಿ, "ಯಾವ ಅಣ್ಣ?" ಎನ್ನುವುದಕ್ಕೂ, ಹೊರಗೆ ಜೀಪು ನಿಂತು ವಾಸಪ್ಪ "ಭಾವಾ!" ಎಂದು ಬೊಬ್ಬೆ ಹಾಕುತ್ತ ಒಳಗೆ ನುಗ್ಗುವುದಕ್ಕೂ ಸರಿಹೋಯಿತು.

ಸತ್ತ ಅಣ್ಣ ಎದುರಿಗೆ ನಿಂತದ್ದು ನೋಡಿ ಜಲಜಮ್ಮ ಚೀರಿದಳು. "ಅಣ್ಣಯ್ಯಾ, ನೀನು ಸತ್ತಿಲ್ವಾ?"

"ನಾನ್ಯಾಕೆ ಸಾಯ್ಲಿ ಮಾರಾಯ್ತಿ? ಹೋಗಿದ್ದು ಭಾವ ಅಂತಲ್ಲ!"

ಜಲಜಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಯಾರೂ ಕಣ್ಣು ಕೊಡಲಿಲ್ಲ. ಅವಳು ಆಗ ಅಳಲಿಲ್ಲ. ಎದ್ದು ಒಳಗೆ ಹೋಗಿ, ಬೆಳಿಗ್ಗೆ ಹೂವಪ್ಪ ಬಿಟ್ಟು ಹೋಗಿದ್ದ ಹಳೇ ಅಂಗಿಯನ್ನು ಗೂಟದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಳು. "ಪಾತ್ರೆ ನೋಡಕ್ಕೆ ಅಂತ ಹೋಗಿದ್ರು" ಎಂದಷ್ಟೇ ಅಂದಳು.

ಬಿಸಿಲು ಇಳಿಯುವ ಹೊತ್ತಿಗೆ ಬಸ್ಸು ಬಂತು. ಬಳೆಯ ಪೊಟ್ಟಣ ಹಿಡಿದು ಕೇರಿಗೆ ತಿರುಗಿದ ಹೂವಪ್ಪ, ತನ್ನ ಮನೆಯ ಮುಂದೆ ಜನ ತುಂಬಿದ್ದು ಕಂಡು ನಿಂತುಬಿಟ್ಟ. ಬಾಗಿಲಲ್ಲಿ ತೀರ್ಥಹಳ್ಳಿಯ ಜೀಪು. ಗಂಡಸರೆಲ್ಲ ತಲೆ ತಗ್ಗಿಸಿದ್ದಾರೆ. ಇಂಥ ಅಂಗಳಗಳನ್ನು ಅವನು ಎಷ್ಟೋ ನೋಡಿದ್ದ. ಮನೆಯಲ್ಲಿ ಇದ್ದವಳು ಒಬ್ಬಳೇ. ಅವನು ಓಡತೊಡಗಿದ. ಪೊಟ್ಟಣ ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಹೋಯಿತೋ.

"ಜಲಜಾ! ಜಲಜಾ!"

ಜನ ಹೌಹಾರಿ ದಾರಿ ಬಿಟ್ಟರು. ಕನ್ನಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ವಾಸಪ್ಪ, ಹೊರಗೆ ಎಷ್ಟೇ ಗತ್ತಿನವನಾದರೂ, ಜೀಪಿನ ಹಿಂದೆ ಅಡಗಿದ. ಹೂವಪ್ಪ ಯಾರನ್ನೂ ನೋಡದೆ ನಡುಮನೆಗೆ ನುಗ್ಗಿ, ಕೂತಿದ್ದ ಹೆಂಡತಿಯ ಎದುರು ದೊಪ್ಪನೆ ಮಂಡಿಯೂರಿ, "ಇದ್ದೀಯಾ? ಇದ್ದೀಯಲ್ಲ?" ಅಂದ.

ಜಲಜಮ್ಮ ಅವನ ಮುಖ ಮುಟ್ಟಿ ನೋಡಿದಳು. ಕೆನ್ನೆ, ಕಿವಿ, ಬೋಳು ನೆತ್ತಿ. ಬೆಚ್ಚಗಿತ್ತು.

"ಇದ್ದೀನಿ" ಅಂದಳು. "ನೀವು?"

"ನಾನೂ ಇದ್ದೀನಿ. ಬಸ್ಸು ಪಂಕ್ಚರ್ ಆಗಿತ್ತು."

ಆಗ ಅವಳಿಗೆ ಅಳು ಬಂತು. ಅಳುತ್ತಲೇ ಗಂಡನ ಬೆನ್ನಿಗೆ ಎರಡು ಗುದ್ದಿದಳು. ಅಳುತ್ತಲೇ, "ಮಧ್ಯಾಹ್ನ ಉಂಡ್ರಾ?" ಎಂದು ಕೇಳಿದಳು.

ವಿಚಾರಣೆ ಜಗಲಿಯ ಮೇಲೆ ನಡೆಯಿತು. ಡೆಡ್ ಅಂದವರು ಯಾರು, ಬಾಡಿ ಅಂದವರು ಯಾರು ಎಂದು ಕೆದಕುತ್ತ ಹೋದಂತೆ ನಗು ಹುಟ್ಟಿ, ಹುಲಿಯಪ್ಪನ ತನಕ ಹೋಗಿ, ಅವನೂ ನಕ್ಕ. ನಕ್ಕು, ಹೂವಪ್ಪನ ಹೆಗಲ ಮೇಲೆ ಕೈ ಹಾಕಿ ಕೂತ. ಅಷ್ಟರಲ್ಲಿ ಜಲಜಮ್ಮನ ಮುಖ ಮಾತ್ರ ಬಾಡಿದ್ದನ್ನು ಹೂವಪ್ಪ ಕಂಡ.

"ಫೋನು ತೆಗೆಸಿದ್ರಾ?" ಅಂದಳು.

"ನಿಂಗೂ ಕಾಟ ತಪ್ಪಲಿ ಅಂತ..."

"ಒಂದು ಮಾತು ಕೇಳಬಾರದಿತ್ತಾ?"

ಅವನಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದದ್ದು ಸ್ವಲ್ಪ ಹೊತ್ತಿನ ಮೇಲೆ, ಒಬ್ಬ ಸಣಕಲು ಹುಡುಗಿ ಏದುಸಿರು ಬಿಡುತ್ತ ಅಂಗಳಕ್ಕೆ ಬಂದು ನಿಂತಾಗ. ಡ್ಯೂಟಿ ಮುಗಿಸಿ ಹೊರಟವಳಿಗೆ ದಾರಿಯಲ್ಲಿ ಸುದ್ದಿ ಸಿಕ್ಕಿತ್ತು. "ಅಯ್ಯೋ, ಲೈನು ಡೆಡ್ ಅಂದ್ರೆ ಮನುಷ್ಯರು ಅಂದ್ಕೊಂಡ್ರಾ? ಜಲಜಕ್ಕಾ ಎಲ್ಲಿ? ಜಲಜಕ್ಕಾ ಹೆಂಗಿದಾರೆ?"

ಒಳಗಿದ್ದ ಜಲಜಮ್ಮ ಆ ದನಿ ಕೇಳಿ ಓಡಿ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

"ನೀನು ಶರಾವತಿಯಾ?"

"ಹೌದಕ್ಕ."

"ನೀನು ದಪ್ಪಗಿದ್ದೀ ಅಂದ್ಕೊಂಡಿದ್ದೆ."

"ನಾನೂ ನೀವು ಎತ್ತರ ಅಂದ್ಕೊಂಡಿದ್ದೆ."

ವರ್ಷದಿಂದ, ಹೂವಪ್ಪ ಅಂಗಡಿಗೆ ಹೋದ ಮೇಲೆ, ಎಕ್ಸ್‌ಚೇಂಜಿನಲ್ಲಿ ಕರೆಗಳಿಲ್ಲದ ಹೊತ್ತು ನೋಡಿ ಶರಾವತಿ ಇಪ್ಪತ್ತೇಳಕ್ಕೆ ಗಂಟೆ ಮಾಡುತ್ತಿದ್ದಳು. ಊರಿಗೆ ಹೊಸಬಳು, ಬಾಡಿಗೆ ಕೋಣೆಯಲ್ಲಿ ಒಂಟಿ. ಜಲಜಮ್ಮ ಮಕ್ಕಳಿಲ್ಲದ ಮನೆಯಲ್ಲಿ ಒಂಟಿ. ಸಾರಿಗೆ ಹುಳಿ ಎಷ್ಟು ಎನ್ನುವಲ್ಲಿಂದ ಶುರುವಾದದ್ದು ಎಲ್ಲೆಲ್ಲಿಗೋ ಹೋಗಿತ್ತು. ಸಂತೆಯಲ್ಲಿ ಎದುರಾಬದುರು ಹಾಯ್ದಿದ್ದರೂ ಇದ್ದಾರು, ಮುಖ ಗೊತ್ತಿರಲಿಲ್ಲ. ಜಲಜಮ್ಮ ಹುಡುಗಿಯ ಕೈ ಹಿಡಿದು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದಳು. ಅಂಗಳದಲ್ಲಿ ಕೂತ ಅಷ್ಟು ಜನರ ನೆನಪೂ ಅವಳಿಗೆ ಇದ್ದಂತೆ ಕಾಣಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಮುಕುಂದಯ್ಯ ಹೋಟೆಲಿನಿಂದ ಅನ್ನ ಸಾರು ಹೊರಿಸಿ ತಂದಿದ್ದ. ಕೇರಿಯವರೆಲ್ಲ ಎಲೆ ಹಾಕಿಕೊಂಡು ಅದನ್ನೇ ಬಡಿಸಿಕೊಂಡರು. ವಾಸಪ್ಪ ಮೊದಲ ತುತ್ತು ಎತ್ತಿದವನು, ಕೈ ತೊಳೆದು ಬಂದ ಹೂವಪ್ಪ ಇನ್ನೂ ಅಡುಗೆಮನೆಯ ಬಾಗಿಲ ಬಳಿ, ಗೋಡೆಯ ಈಚೆಗೆ ನಿಂತಿದ್ದನ್ನು ಕಂಡ. ಒಳಗೆ ಜಲಜಮ್ಮ ಏನೋ ಹೇಳಿ ಗಟ್ಟಿಯಾಗಿ ನಗುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಹೂವಪ್ಪ ಒಂದೆರಡು ಸಲ ಕೇಳಿದ್ದ ನಗು ಅದು. ವರ್ಷದಿಂದ ಅದು ಈ ಮನೆಯಲ್ಲೇ, ತಾನಿಲ್ಲದ ಮಧ್ಯಾಹ್ನಗಳಲ್ಲಿ ಇತ್ತು ಅಂತ ಅವನಿಗೆ ಈಗ ತಿಳಿಯಿತು.

"ಬಾ ಭಾವ, ಸಾರು ಆರ್ತದೆ" ಎಂದು ವಾಸಪ್ಪ ಕರೆದ. "ಅವರನ್ನೂ ಕರಿ. ಉಂಡು ಮಾತಾಡ್ಲಿ."

ಹೂವಪ್ಪ ತುಟಿಯ ಮೇಲೆ ಬೆರಳಿಟ್ಟ.

"ನೀವು ಉಣ್ಣಿ. ಮಾತು ನಡೀತಾ ಇದೆ" ಎಂದು ಪಿಸುಗುಟ್ಟಿ, ಶಬ್ದವಾಗದಂತೆ ಹೊಸ್ತಿಲ ಪಕ್ಕ ನೆಲದ ಮೇಲೆ ಕೂತುಕೊಂಡ.